ಜೇನು ಪೆಟ್ಟಿಗೆಗಳಲ್ಲಿ ನುಸಿ ಹರಡದ ಹಾಗೆ ನಾನು ಮಾಡ್ಕೊಂಡಿರೋ ಕ್ರಮ

ಹೆಸರಘಟ್ಟ ಕಡೆ ತೋಟದಲ್ಲಿ ನಾನು ಮೆಲ್ಲಿಫೆರಾ ಅನ್ನೋ ಯುರೋಪಿಯನ್ ಜೇನುಹುಳ ಸಾಕ್ತಿದೀನಿ. ಹುಳಗಳ ಮೈಗೆ ಅಂಟಿ ಬದುಕೋ ವರೋವಾ ನುಸಿ ಅಂದ ತಕ್ಷಣ ಎಲ್ರೂ ಕೇಳೋದು ಯಾವ ಮದ್ದು ಅಂತ, ನಾನು ಮಾತ್ರ ನುಸಿ ಎಣಿಸದೆ ಮದ್ದು ಮುಟ್ಟಲ್ಲ.

ಮರಿ ಇರೋ ಫ್ರೇಮ್ ಎತ್ತಿ, ರಾಣಿ ಅದರಲ್ಲಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಅರ್ಧ ಕಪ್ ಹುಳ ಅಂದ್ರೆ ಸುಮಾರು 300 ಹುಳ ಬಾಟಲಿಗೆ ಉದುರಿಸಿ, ಜಾಲರಿ ಮುಚ್ಚಳ ಹಾಕಿ ಮೇಲಿಂದ ಎರಡು ಚಮಚ ಪುಡಿ ಸಕ್ಕರೆ ಹಾಕ್ತೀನಿ. ಮೆಲ್ಲಗೆ ಉರುಳಿಸಿ ಒಂದೆರಡು ನಿಮಿಷ ನೆರಳಲ್ಲಿಟ್ಟು ಬಿಳಿ ತಟ್ಟೆ ಮೇಲೆ ಚೆನ್ನಾಗಿ ಕೊಡವಿ ನೀರು ಚಿಮುಕಿಸಿದ್ರೆ ಸಕ್ಕರೆ ಕರಗಿಹೋಗತ್ತೆ, ವರೋವಾ ನುಸಿಗಳು ರಾಗಿ ಕಾಳು ಅಪ್ಪಚ್ಚಿ ಆದ ಹಾಗೆ ಕಂದುಕೆಂಪಗೆ ಉಳ್ಕೊಳತ್ವೆ, ಕೆಲವು ಇನ್ನೂ ಕಾಲಾಡಿಸ್ತಿರತ್ವೆ. ಹುಳಗಳನ್ನ ವಾಪಸ್ ಪೆಟ್ಟಿಗೆಗೆ ಸುರಿದ್ರೆ ಉಳಿದವು ಅವುಗಳ ಮೈ ನೆಕ್ಕಿ ಕ್ಲೀನ್ ಮಾಡ್ತವೆ. 300 ಕ್ಕೆ 9 ನುಸಿ ಅಂದ್ರೆ 3%, ಅಷ್ಟಾದ್ರೆ ನಾನು ಕಾಯಲ್ಲ.

ನಮ್ಮ ಬೆಂಗಳೂರಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಚಳಿ ದೇಶಗಳಲ್ಲಿ ಚಳಿಗಾಲಕ್ಕೆ ರಾಣಿ ಮೊಟ್ಟೆ ನಿಲ್ಲಿಸ್ತಾಳೆ, ಇಲ್ಲಿ ಹೆಚ್ಚುಕಮ್ಮಿ ವರ್ಷವಿಡೀ ಮರಿ ಇರತ್ತೆ, ನುಸಿ ಮರಿ ಹಾಕೋದೇ ಮುಚ್ಚಿದ ಕಣದೊಳಗೆ, ಹಾಗಾಗಿ ಅದಕ್ಕೆ ಬಿಡುವೇ ಇಲ್ಲ. ಆ ಬಿಡುವನ್ನ ನಾವೇ ಮಾಡಿಕೊಡ್ಬೇಕು. ಮೊಟ್ಟೆ ಇಡದ ಹಾಗೆ ನಾನು ರಾಣಿನ 24 ದಿನ ಪಂಜರದಲ್ಲಿಡ್ತೀನಿ, ಅಷ್ಟರಲ್ಲಿ ಕೆಲಸಗಾರ ಹುಳ, ಗಂಡು ಹುಳ ಎಲ್ಲ ಹೊರಗೆ ಬಂದಿರತ್ವೆ, ಅಡಗೋಕೆ ಜಾಗ ಇಲ್ಲದೆ ನುಸಿ ಎಲ್ಲ ಹುಳಗಳ ಮೈಮೇಲೇ ಇರತ್ವೆ. ಆಗ ಸಕ್ಕರೆ, ನೀರು ಸಮಸಮ ಇರೋ (1:1) ಒಂದು ಲೀಟರ್ ಪಾಕಕ್ಕೆ ನುಸಿ ಕೊಲ್ಲೋ ಆಕ್ಸಾಲಿಕ್ ಆಸಿಡ್ 35 ಗ್ರಾಂ ಕಲಸಿ ಫ್ರೇಮ್ ನಡುವಿನ ಒಂದೊಂದು ಸಂದಿಗೆ 5 ಎಂಎಲ್ ಬಿಡ್ತೀನಿ, ಪೆಟ್ಟಿಗೆಗೆ 50 ಎಂಎಲ್ ದಾಟಲ್ಲ. ಜೇನು ಕೋಣೆ ಮೊದಲೇ ತೆಗೆದಿರ್ಬೇಕು, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಹೆಜ್ಜೇನಿಂದ ಬಂದಿರೋ ಟ್ರೊಪಿಲೇಲಾಪ್ಸ್ ಅನ್ನೋ ಸಣ್ಣ ನುಸಿಗೂ ಇದೇ ಪಂಜರದ ಉಪಾಯ ಹೊಡೆತ ಕೊಡತ್ತೆ, ಮರಿ ಇಲ್ದೆ ಅದು ಕೆಲವೇ ದಿನ ಬದುಕೋದು.

ಆದ್ರೆ ಒಂದು ಪೆಟ್ಟಿಗೆ ಕ್ಲೀನ್ ಮಾಡಿ ಪಕ್ಕದ್ದನ್ನ ಬಿಟ್ರೆ ಏನು ಬಂತು? ಮಳೆಗಾಲದಲ್ಲಿ ಹೂ ಕಮ್ಮಿ ಆದಾಗ ಬಲವಾದ ಕುಟುಂಬ ಸೊರಗಿದ ಕುಟುಂಬದ ಜೇನು ಕದಿಯೋಕೆ ನುಗ್ಗತ್ತೆ, ಬರೋವಾಗ ನುಸಿನೂ ಹೊತ್ಕೊಂಡು ಬರತ್ತೆ. ಅದಕ್ಕೆ ಸೊರಗಿದ ಪೆಟ್ಟಿಗೆ ಬಾಗಿಲು ಎರಡು ಹುಳ ಹೋಗೋಷ್ಟು ಕಿರಿದು ಮಾಡ್ತೀನಿ, ಪಾಕ ಸಂಜೆ ಹೊತ್ತೇ, ಪೆಟ್ಟಿಗೆ ಒಳಗೇ ಕೊಡ್ತೀನಿ. ಪೆಟ್ಟಿಗೆಗಳನ್ನ ಒಂದೇ ಸಾಲಲ್ಲಿ ಒಂದೇ ಬಣ್ಣದಲ್ಲಿ ಇಟ್ರೆ ಹುಳ ದಾರಿ ತಪ್ಪಿ ಪಕ್ಕದ್ದಕ್ಕೆ ಹೋಗತ್ವೆ, ಹಾಗಾಗಿ ಮುಖ ಬೇರೆ ಬೇರೆ ದಿಕ್ಕಿಗೆ. ಎಣಿಸದೆ ಮರಿ ಫ್ರೇಮ್ ಒಂದರಿಂದ ಇನ್ನೊಂದಕ್ಕೆ ಹಾಕೋದು ಪೂರ್ತಿ ಬಂದ್.

ಕೊಂಡು ತಂದ ಹೊಸ ಕುಟುಂಬ ಎಷ್ಟೇ ಚೆನ್ನಾಗಿ ಕಂಡ್ರೂ ಉಳಿದವುಗಳಿಂದ ದೂರ ಇಟ್ಟು, ಎಣಿಸಿ ಆಮೇಲೆ ಒಳಗೆ. ಸುತ್ತಮುತ್ತ ಪೆಟ್ಟಿಗೆ ಇಟ್ಟಿರೋರ ಹತ್ರನೂ ಮಾತಾಡಿ ಎಲ್ರೂ ಒಂದೇ ವಾರದಲ್ಲಿ ಮದ್ದು ಹಾಕೋ ಹಾಗೆ ಮಾಡ್ಕೊಂಡಿದೀವಿ.