ಗುಂಡು ಹಾರಿಸದ ಹಳೆಯ ಕೋವಿ: ಪುಣೆಯಲ್ಲಿ ನಾನು ಆರಿಸುವ, ಕಾಪಾಡುವ ಕ್ರಮ

ಬಳಸದೇ ಉಳಿದ ಹಳೆಯ ಕೋವಿಯ ಜೀವ ಇರುವುದು ಅದರ ಮೇಲ್ಮೈಯಲ್ಲಿ. ನಳಿಗೆಯ ಮೇಲಿನ ತೆಳುವಾದ ನೀಲಿಗಪ್ಪು, ಆಕ್ಷನ್ (ನಳಿಗೆಯ ಹಿಂದಿನ, ತೆರೆದು ಮುಚ್ಚುವ ಯಂತ್ರಭಾಗ) ಮೇಲೆ ಮೋಡ ಹರಡಿದಂತಿರುವ ನೀಲಿ-ಕಂದು ಬಣ್ಣ, ಮರದ ಹಿಡಿಯಲ್ಲಿ ಬೆರಳಿಗೆ ಚುಚ್ಚುವಷ್ಟು ಚೂಪಾದ ಚೌಕುಳಿ ಕೆತ್ತನೆ. ಇವು ಒಮ್ಮೆ ಹೋದರೆ ಹೋದವೇ. ಮತ್ತೆ ಬಣ್ಣ ಹಾಕಿಸಬಹುದು, ಕೆತ್ತನೆಯನ್ನು ಹೊಸದಾಗಿ ಕೊರೆಸಬಹುದು, ಆದರೆ ಆಮೇಲೆ ಅದು ಸಂಗ್ರಾಹಕನ ವಸ್ತುವಲ್ಲ. ಹಾಗಾಗಿ ನನ್ನ ಕೆಲಸವೆಲ್ಲ ಎರಡೇ: ಮೂಲ ಮೇಲ್ಮೈಯನ್ನು ಗುರುತಿಸುವುದು, ಆಮೇಲೆ ಅದಕ್ಕೆ ಏನೂ ಆಗದಂತೆ ನೋಡಿಕೊಳ್ಳುವುದು.

ಮೊದಲು ಕಾನೂನು, ಏಕೆಂದರೆ ಸಂಗ್ರಹದ ಗಾತ್ರವನ್ನು ತೀರ್ಮಾನಿಸುವುದು ಅದೇ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಒಬ್ಬರ ಬಳಿ ಇರಬಹುದಾದ ಬಂದೂಕುಗಳು ಎರಡು. ಮೊದಲು ಮೂರಿತ್ತು. ಹಿರಿಯರಿಂದ ಬಂದದ್ದಾದರೂ ಲೆಕ್ಕ ಎರಡೇ. ಕಾಯ್ದೆಯ 45(ಸಿ) ಕಲಮಿನಲ್ಲಿ ಪುರಾತನ ಆಯುಧಗಳಿಗೆ ವಿನಾಯಿತಿ ಇದೆ ಎಂದು ಹಲವರು ನೆಚ್ಚಿಕೊಳ್ಳುತ್ತಾರೆ. ಪೂರ್ತಿ ಓದಿ ನೋಡಿ: ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದ ಆಯುಧಕ್ಕೆ ಮಾತ್ರ ಆ ವಿನಾಯಿತಿ. ಸುಸ್ಥಿತಿಯಲ್ಲಿರುವ ಕೇಪಿನ ಕೋವಿ (ಬಾಯಿಯಿಂದ ಮದ್ದು ತುಂಬಿ, ಕೇಪು ಸಿಡಿಸಿ ಹಾರಿಸುವಂಥದು) ನೂರೈವತ್ತು ವರ್ಷ ಹಳೆಯದಾದರೂ ಹಾರುತ್ತದೆ, ಆದ್ದರಿಂದ ಅದಕ್ಕೆ ಪರವಾನಗಿ ಬೇಕು. ನಮ್ಮಂಥ ಹುಚ್ಚಿನವರು ಹುಡುಕುವ ಕೋವಿ ಎಷ್ಟು ಚೆನ್ನಾಗಿರುತ್ತದೋ ವಿನಾಯಿತಿಯಿಂದ ಅಷ್ಟು ದೂರ. .303 ಲೀ-ಎನ್‌ಫೀಲ್ಡ್, 9 ಎಂಎಂ ಪಿಸ್ತೂಲು ಇವು ನಿಷೇಧಿತ ಬೋರ್ (ನಳಿಗೆಯ ಒಳಅಳತೆ), ಆ ಆಸೆ ಬಿಡಬೇಕು. ಸಾಮಾನ್ಯ ಸಂಗ್ರಾಹಕನಿಗೆ ಉಳಿಯುವುದು 12 ಬೋರ್ ಜೋಡುನಳಿಗೆ, .22 ಮತ್ತು .315 ರೈಫಲ್, .32 ರಿವಾಲ್ವರ್, ಕೇಪಿನ ಕೋವಿ.

ಪುಣೆ ನಗರದಲ್ಲಿ ಪರವಾನಗಿ ಕೊಡುವುದು ಪೊಲೀಸ್ ಆಯುಕ್ತರ ಕಚೇರಿ, ಆಯುಕ್ತಾಲಯದ ಗಡಿ ದಾಟಿದರೆ ಜಿಲ್ಲಾಧಿಕಾರಿ. ಖಾಸಗಿ ವ್ಯಕ್ತಿಯಿಂದ ಕೊಳ್ಳುವಾಗ ಮಾರುವವರು ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಈ ಅವಧಿಯನ್ನು ನಾನು ತಪಾಸಣೆಗೆ ಬಳಸಿಕೊಳ್ಳುತ್ತೇನೆ. ಅವಸರ ಮಾಡುವ ಮಾರಾಟಗಾರ, ಯುಐಎನ್ (ಪರವಾನಗಿದಾರರ ವಿಶಿಷ್ಟ ಗುರುತು ಸಂಖ್ಯೆ) ಇಲ್ಲದ ಪರವಾನಗಿ, ಪುಸ್ತಕದಲ್ಲಿರುವ ಸಂಖ್ಯೆಗೂ ಆಕ್ಷನ್ ಮೇಲಿನ ಸಂಖ್ಯೆಗೂ ಒಂದಂಕಿಯ ವ್ಯತ್ಯಾಸ, ಈ ಮೂರರಲ್ಲಿ ಒಂದು ಕಂಡರೂ ಅಲ್ಲಿಗೆ ಮುಗಿಯಿತು.

ಇನ್ನು ‘ಬಳಸದ್ದು’ ಅಂದರೆ ಏನು? ಒಂದೂ ಗುಂಡು ಹಾರಿಸದ ಇಂಗ್ಲಿಷ್ ಅಥವಾ ಬೆಲ್ಜಿಯನ್ ಕೋವಿ ಇರುವುದಿಲ್ಲ. ಪ್ರೂಫ್ ಹೌಸ್‌ನಲ್ಲಿ ಹೆಚ್ಚು ಮದ್ದಿನ ತೋಟೆ ಹಾರಿಸಿ, ನಳಿಗೆ ತಡೆದುಕೊಂಡರಷ್ಟೇ ಮುದ್ರೆ ಒತ್ತುತ್ತಾರೆ. ಆ ಪರೀಕ್ಷೆಯ ಆಚೆಗೆ ಹಾರಿಸದೆ ಉಳಿದದ್ದನ್ನೇ ನಾವು ಬಳಸದ್ದು ಎನ್ನುವುದು.

ಜೋಡುನಳಿಗೆಯನ್ನು ಕೈಗೆ ತೆಗೆದುಕೊಂಡಾಗ ನಾನು ಮೊದಲು ನೋಡುವುದು ಮೇಲಿನ ಲಿವರ್. ಹಿಂದಿನಿಂದ ನೋಡಿದರೆ ಹೊಸ ಕೋವಿಯಲ್ಲಿ ಅದು ನಡುಗೆರೆಗಿಂತ ತುಸು ಬಲಕ್ಕೆ ನಿಲ್ಲುತ್ತದೆ. ತೆರೆದು ಮುಚ್ಚಿ ತೆರೆದು ಮುಚ್ಚಿ ಒಳಗಿನ ಬೋಲ್ಟ್ ಸವೆದಂತೆ ಲಿವರ್ ನಡುವಿಗೆ ಬರುತ್ತದೆ, ಆಮೇಲೆ ಎಡಕ್ಕೆ ದಾಟುತ್ತದೆ. ಎಡಕ್ಕೆ ದಾಟಿದ್ದನ್ನು ‘ಹೊಸದರಂತಿದೆ’ ಅಂದರೆ ನಂಬಬೇಡಿ. ಆಮೇಲೆ ನಳಿಗೆ ಬಿಚ್ಚಿ ಆಕ್ಷನ್‌ನ ಎದೆಭಾಗ, ಅಂದರೆ ನಳಿಗೆಯ ಬುಡ ಬಂದು ತಾಗುವ ಮುಖ, ನೋಡಬೇಕು. ಫೈರಿಂಗ್ ಪಿನ್ನಿನ ತೂತಿನ ಸುತ್ತ ಹಿತ್ತಾಳೆಯ ಹಳದಿ ಉಂಗುರ, ಬೂದುಬಣ್ಣದ ವೃತ್ತ, ಸಣ್ಣ ಗುಳಿಗಳು ಇದ್ದರೆ ಸಾಕಷ್ಟು ಹಾರಿಸಿದ್ದಾರೆ. ನಳಿಗೆಯ ಅಡಿಯ ಕೊಕ್ಕೆ, ಅದು ಕೂರುವ ಪಿನ್ನು ಎರಡರ ಮೇಲೂ ಉಜ್ಜಿದ ಬಿಳಿ ಗೆರೆ ತೀರಾ ಕಡಿಮೆ ಇರಬೇಕು. ರಿವಾಲ್ವರಾದರೆ ಸಿಲಿಂಡರಿನ ಮುಂಬದಿಯಲ್ಲಿ ಪ್ರತಿ ತೂತಿನ ಸುತ್ತ ಸುಟ್ಟ ಉಂಗುರ, ಮೇಲ್ಪಟ್ಟಿಯ ಅಡಿಯಲ್ಲಿ ಅನಿಲ ಕೊರೆದ ಗೆರೆ ನೋಡಿ. ಸಿಲಿಂಡರಿನ ಸುತ್ತಲಿನ ಗೆರೆಯೊಂದನ್ನೇ ನೋಡಿ ತೀರ್ಪು ಕೊಡಬಾರದು, ಅಂಗಡಿಯಲ್ಲಿ ಸುಮ್ಮನೆ ತಿರುಗಿಸಿದರೂ ಅದು ಬೀಳುತ್ತದೆ.

ಮರುಬಣ್ಣ ಪತ್ತೆ ಮಾಡುವುದೇ ನಿಜವಾದ ವಿದ್ಯೆ. ಬಣ್ಣ ಹಾಕುವ ಮೊದಲು ಪಾಲಿಶ್ ಚಕ್ರಕ್ಕೆ ಹಿಡಿಯಲೇಬೇಕು, ಆ ಚಕ್ರ ಸುಳಿವು ಬಿಟ್ಟೇ ಹೋಗುತ್ತದೆ. ಸ್ಕ್ರೂ ತೂತಿನ ಅಂಚು ತಟ್ಟೆಯಂತೆ ತಗ್ಗಾಗಿರುತ್ತದೆ, ಅಕ್ಷರಗಳ ಅಂಚು ಕರಗಿದಂತೆ ಕಾಣುತ್ತದೆ, ಚಪ್ಪಟೆ ಇರಬೇಕಾದ ಜಾಗ ಅಲೆಯಲೆಯಾಗಿ ಬೆಳಕು ಬೀರುತ್ತದೆ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ, ತುಕ್ಕಿನ ಗುಳಿಯ ಒಳಗೂ ನೀಲಿ ಬಣ್ಣ ಕೂತಿರುವುದು. ತುಕ್ಕು ತಿಂದ ಮೇಲೆ ಬಣ್ಣ ಬಂದಿದೆ ಎಂದಲ್ಲದೆ ಬೇರೆ ಅರ್ಥವೇ ಇಲ್ಲ. ಒಳ್ಳೆಯ ಇಂಗ್ಲಿಷ್ ಕೋವಿಗಳಲ್ಲಿ ಸ್ಕ್ರೂ ಸೀಳುಗಳು ಕೂದಲೆಳೆಯಷ್ಟು ತೆಳು, ಎಲ್ಲವೂ ನಳಿಗೆಯ ಉದ್ದಕ್ಕೆ ಸಾಲಾಗಿ ನಿಂತಿರುತ್ತವೆ. ಒಂದು ವಾರೆಯಾಗಿದ್ದರೂ ಯಾರೋ ಬಿಚ್ಚಿದ್ದಾರೆ.

ಹಳೆಯ ಜೋಡುನಳಿಗೆಯ ಮೇಲೆ ಕನ್ನಡಿಯಂಥ ಕಡುಗಪ್ಪು ಕಂಡರೆ ಹಿಂದೆ ಸರಿಯಿರಿ. ಮೂಲದಲ್ಲಿ ಅವಕ್ಕೆ ಹಾಕುತ್ತಿದ್ದದ್ದು ನಿಧಾನದ ತುಕ್ಕುಬಣ್ಣ: ಆಮ್ಲದ ದ್ರಾವಣ ಸವರಿ ತುಕ್ಕು ಬರಿಸಿ, ನೀರಲ್ಲಿ ಕುದಿಸಿ ಕೆಂಪು ಆಕ್ಸೈಡನ್ನು ಕಪ್ಪು ಮಾಡಿ, ತಂತಿ ಬ್ರಷ್‌ನಿಂದ ಉಜ್ಜಿ, ಮತ್ತೆ ಮತ್ತೆ ಅದನ್ನೇ ಮಾಡುವುದು. ಅದು ರೇಷ್ಮೆಯ ಮಂದ ಕಾಂತಿ. ಕನ್ನಡಿ ಕಪ್ಪು ಬರುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನ ಕಾಸ್ಟಿಕ್ ಸೋಡಾ ತೊಟ್ಟಿಯಿಂದ. ಎರಡು ನಳಿಗೆಯನ್ನೂ ನಡುವಿನ ಪಟ್ಟಿಯನ್ನೂ ಹಿಡಿದಿರುವುದು ತವರ-ಸೀಸದ ಬೆಸುಗೆ. ಆ ಶಾಖಕ್ಕೆ ಬೆಸುಗೆ ಕರಗದಿದ್ದರೂ ಕಾಸ್ಟಿಕ್ ಅದನ್ನು ತಿನ್ನುತ್ತದೆ, ಪಟ್ಟಿಯ ಅಡಿ ಉಳಿದ ಲವಣ ವರ್ಷಗಟ್ಟಲೆ ಒಳಗಿಂದ ಕೊರೆಯುತ್ತದೆ. ಪರೀಕ್ಷೆ ಸುಲಭ. ನಳಿಗೆಯನ್ನು ಆಕ್ಷನ್‌ನಿಂದ ಬೇರ್ಪಡಿಸಿ, ಕೊಕ್ಕೆಯಲ್ಲಿ ಒಂದು ಬೆರಳಿಟ್ಟು ತೂಗುಹಾಕಿ, ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗಂಟೆಯ ನಾದ ಬಂದರೆ ಬೆಸುಗೆ ಸರಿ, ಜರ್ ಎಂದರೆ ಪಟ್ಟಿ ಬಿಟ್ಟಿದೆ.

ಆಕ್ಷನ್‌ನ ಬಣ್ಣದ ಮೋಡ ಮೂಳೆ-ಇದ್ದಿಲಿನಲ್ಲಿ ಕಾಯಿಸಿ ನೀರಿಗಿಳಿಸಿದಾಗ ಬರುವಂಥದು. ಬಿಸಿಲಿಗೂ ಕೈಬೆವರಿಗೂ ಮಾಸುತ್ತದೆ. ಹಾಗಾಗಿ ಲಿವರಿನ ಅಡಿ, ಮುಂಗೈ ಮರದ (ನಳಿಗೆಯ ಕೆಳಗೆ ಕೈಯಿಂದ ಹಿಡಿಯುವ ಮರ) ಅಡಿ, ಟ್ರಿಗರ್ ಗಾರ್ಡಿನ ಮೂಲೆಯಲ್ಲಿ ಗಾಢವಾಗಿದ್ದು ಹೊರಗೆ ತೆಳುವಾಗಿದ್ದರೆ ಸಹಜ. ಎಲ್ಲೆಡೆ ಒಂದೇ ಸಮ ಹೊಳೆಯುವ ಹಳದಿ-ನೀಲಿ ಪಟ್ಟೆಗಳಿದ್ದರೆ ಗ್ಯಾಸ್ ಜ್ವಾಲೆ ಹಿಡಿದಿದ್ದಾರೆ. ಅದು ಬರೀ ಮೋಸವಲ್ಲ, ಅಪಾಯ ಕೂಡ: ಉಕ್ಕಿನ ಗಡಸುತನವೇ ಇಳಿದಿರಬಹುದು.

ಪ್ರೂಫ್ ಹೌಸ್‌ನ ಮುದ್ರೆಗಳು ವಯಸ್ಸು ಹೇಳುತ್ತವೆ. ಬರ್ಮಿಂಗ್‌ಹ್ಯಾಂ ಮುದ್ರೆಗಳಲ್ಲಿ ಕಿರೀಟವೋ ಅಡ್ಡರಾಜದಂಡವೋ ಇರುತ್ತದೆ. ಬೆಲ್ಜಿಯಂನ ಲೀಜ್‌ನದು ಅಂಡಾಕಾರದೊಳಗೆ ಇಎಲ್‌ಜಿ, 1922ರಿಂದ ವರ್ಷಕ್ಕೊಂದು ಅಕ್ಷರ. 1954ಕ್ಕೆ ಮೊದಲಿನ ಇಂಗ್ಲಿಷ್ 12 ಬೋರ್ ನಳಿಗೆಯಡಿ ‘13’ ಅಥವಾ ‘13/1’ ಎಂದಿದ್ದರೆ ಗಾಬರಿ ಬೇಡ, ಅದು ಒಳವ್ಯಾಸ: 13 ಅಂದರೆ 0.710 ಇಂಚು, 13/1 ಅಂದರೆ 0.719, 12 ಅಂದರೆ 0.729. ಬುಡದಿಂದ 9 ಇಂಚು ಒಳಗೆ ಬೋರ್ ಗೇಜಿನಲ್ಲಿ ಅಳೆದು, ಮುದ್ರೆಗಿಂತ 0.010 ಇಂಚಿನಷ್ಟು ಹಿಗ್ಗಿದ್ದರೆ ಯಾರೋ ಗುಳಿ ತೆಗೆಯಲು ಒಳಗೆ ಕೊರೆಸಿದ್ದಾರೆ. ಬಳಸದ ಕೋವಿಗೆ ಗುಳಿ ಎಲ್ಲಿಂದ ಬಂತು?

ಕಣ್ಣು ಪಳಗಿಸಿಕೊಳ್ಳಲು ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯಕ್ಕೂ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ಆಯುಧ ವಿಭಾಗಕ್ಕೂ ಹೋಗಿ ಬನ್ನಿ.

ಕೇಪಿನ ಕೋವಿ ಅಥವಾ ಬತ್ತಿಕೋವಿ ಅಟ್ಟದಿಂದ ಇಳಿದು ಬಂದಿದ್ದರೆ ಬೇರೆಲ್ಲದಕ್ಕೂ ಮೊದಲು ಒಂದು ಕೆಲಸ. ಒಳಗೆ ಮದ್ದು ಗಿಡಿದಿದೆಯೇ ನೋಡಿ. ಕಪ್ಪು ಮದ್ದು ನೂರು ವರ್ಷ ಕಳೆದರೂ ಸಾಯುವುದಿಲ್ಲ. ಬಾಯಿಗೆ ಮುಖ ಒಡ್ಡದೆ ಮರದ ಕೋಲನ್ನು ಒಳಗಿಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಪಕ್ಕ ಇಡಿ. ಕೋಲಿನ ತುದಿ ಕಿಡಿತೂತಿನವರೆಗೆ ಬರಬೇಕು. ಎರಡು ಮೂರು ಇಂಚು ಮೊದಲೇ ನಿಂತರೆ ತುಂಬಿದ ಕೋವಿ ಅದು. ಕೆದಕಬೇಡಿ, ಪರವಾನಗಿ ಇರುವ ಬಂದೂಕು ರಿಪೇರಿಯವರಿಗೆ ಒಪ್ಪಿಸಿ.

ಈಗ ಮಳೆಗಾಲ. ಪುಣೆಯ ಕಷ್ಟ ಎರಡು ಬಗೆ: ಜುಲೈನಲ್ಲಿ ಗೋಡೆ ಬೆವರುತ್ತದೆ, ಏಪ್ರಿಲಿನಲ್ಲಿ ಮರ ಬಿರಿಯುತ್ತದೆ. ಮುಂಬೈ, ಗೋವಾದಲ್ಲಿ ಗಾಳಿಯಲ್ಲೇ ಉಪ್ಪು, ಬರಿಗೈಯಲ್ಲಿ ಮುಟ್ಟಿದ ಬೆರಳಚ್ಚು ಒಂದೆರಡು ದಿನದಲ್ಲೇ ಕೆಂಪಗಾಗುತ್ತದೆ. ನಾನು ಆರ್ದ್ರತೆಯನ್ನು ಶೇ 45ರಿಂದ 50ರೊಳಗೆ ಇಡುತ್ತೇನೆ. 40ಕ್ಕಿಂತ ಇಳಿದರೆ ಮರ ಕುಗ್ಗಿ ಲೋಹದ ಸಂದು ಬಿಡುತ್ತದೆ, 60 ದಾಟಿದರೆ ತುಕ್ಕಿಗೆ ಆಹ್ವಾನ. ಅಗ್ಗದ ಡಿಜಿಟಲ್ ಮೀಟರನ್ನು ಹಾಗೇ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ಕೆಲವೇ ಹನಿ ನೀರು ಬೆರೆಸಿ ಗಟ್ಟಿ ಕೆಸರಿನಂತೆ ಮಾಡಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎಂಟು ಗಂಟೆ ಇಡಿ. ಶೇ 75 ತೋರಿಸಬೇಕು. 80 ತೋರಿಸಿದರೆ ಆ ಮೀಟರು 5 ಹೆಚ್ಚು ಹೇಳುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಉಕ್ಕಿನ ಲಾಕರಿನೊಳಗೆ ಬಿಗಿಮುಚ್ಚಳದ ಪೆಟ್ಟಿಗೆ, ಅದರೊಳಗೆ ಬಿಡಿಸಿಟ್ಟ ಕೋವಿ. ಸುಮಾರು 60 ಲೀಟರಿನ ಪೆಟ್ಟಿಗೆಗೆ ಅರ್ಧ ಕಿಲೋ ಸಿಲಿಕಾ ಜೆಲ್ ಹಾಕುತ್ತೇನೆ, ಕಿತ್ತಳೆಯಿಂದ ಹಸಿರಿಗೆ ತಿರುಗುವ ಬಗೆ. ಹಸಿರಾದ ಮೇಲೆ ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಮೂರು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಜೆಲ್ ಲೋಹಕ್ಕೆ ತಾಗದಂತೆ ಬಟ್ಟೆ ಚೀಲದಲ್ಲಿರಲಿ. ಕೋವಿಯ ಜೊತೆ ಬಂದ ಚರ್ಮದ ಚೀಲವನ್ನೂ ಓಕ್ ಪೆಟ್ಟಿಗೆಯನ್ನೂ ಬೇರೆಯಾಗಿ ಇಡಿ. ಚರ್ಮ ತೇವ ಹಿಡಿಯುತ್ತದೆ, ಓಕ್ ಮರ ಅಸಿಟಿಕ್ ಆಮ್ಲದ ಆವಿ ಬಿಡುತ್ತದೆ. ಸ್ಪಂಜು, ದಿನಪತ್ರಿಕೆ, ರಬ್ಬರ್ ಬ್ಯಾಂಡ್ ಯಾವುದೂ ಒಳಗೆ ಬೇಡ.

ಲೋಹಕ್ಕೆ ಮೈಕ್ರೋಕ್ರಿಸ್ಟಲೈನ್ ಮೇಣ, ಬಟಾಣಿಯಷ್ಟು ತೆಗೆದುಕೊಂಡರೆ ಇಡೀ ನಳಿಗೆಗೆ ಸಾಕು. ಸವರಿ, ಕೆಲವು ನಿಮಿಷ ಬಿಟ್ಟು, ಹಳೆಯ ಹತ್ತಿ ಬಟ್ಟೆಯಲ್ಲಿ ಒರೆಸಿ. ನಳಿಗೆಯ ಒಳಗೆ ಖನಿಜ ಎಣ್ಣೆಯ ತೆಳು ಪದರ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಬೇಡವೇ ಬೇಡ, ಅವು ಅಂಟಾಗಿ ಹುಳಿಯಾಗುತ್ತವೆ. ಡಬ್ಲ್ಯುಡಿ-40 ನೀರು ಹೊರಹಾಕಲು ಸರಿ, ವರ್ಷಗಟ್ಟಲೆ ಕಾಯಲು ಅಲ್ಲ. ಲಾಕರಿನಲ್ಲಿ ನಿಲ್ಲಿಸಿ ಇಡುವುದಾದರೆ ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಬಾಯಿ ಮೇಲಿದ್ದರೆ ಎಣ್ಣೆ ಇಳಿದು ಆಕ್ಷನ್ ಸೇರುವ ಜಾಗದ ಮರವನ್ನು ಕಪ್ಪಗೆ, ಮೆತ್ತಗೆ ಮಾಡುತ್ತದೆ. ಹ್ಯಾಮರ್ ಒಳಗಿರುವ ಕೋವಿ ತೆರೆದಾಗಲೇ ಎಳೆದು ನಿಲ್ಲುವುದರಿಂದ, ಎರಡೂ ಕೋಣೆ ಖಾಲಿ ಎಂದು ನೋಡಿ, ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ತೋಟೆ) ಹಾಕಿ ಟ್ರಿಗರ್ ಒತ್ತಿ ಸ್ಪ್ರಿಂಗಿನ ಬಿಗಿ ಇಳಿಸಿ ಇಡಬೇಕು.

ಕೆಂಪು ಚುಕ್ಕೆ ಕಂಡರೆ ಮರಳು ಕಾಗದವೂ ಬೇಡ, ತುಕ್ಕು ತೆಗೆಯುವ ದ್ರಾವಣವೂ ಬೇಡ, ನಿಂಬೆಹಣ್ಣೂ ಬೇಡ. ನೀಲಿಗಪ್ಪು ಬಣ್ಣವೂ ಕಬ್ಬಿಣದ ಆಕ್ಸೈಡೇ, ತುಕ್ಕನ್ನು ಕರಗಿಸುವ ಆಮ್ಲ ಅದನ್ನೂ ಕರಗಿಸುತ್ತದೆ. ಚುಕ್ಕೆಯ ಮೇಲೆ ಎಣ್ಣೆ ಬಿಟ್ಟು ಎರಡು ದಿನ ನೆನೆಯಲು ಬಿಡಿ, ಚೂಪು ಮಾಡಿದ ಬಿದಿರು ಕಡ್ಡಿಯಿಂದ ಮೆಲ್ಲಗೆ ಕೆದಕಿ ಒರೆಸಿ, ಬೇಕಾದರೆ ಮತ್ತೊಮ್ಮೆ. ಅರ್ಧ ಹೋದರೂ ಸಾಕು, ನಿಲ್ಲಿಸಿ. ಹಿತ್ತಾಳೆಗೆ ಬ್ರಾಸೋ, ನಿಕಲ್ ಲೇಪಕ್ಕೆ ಅಮೋನಿಯಾ ಇರುವ ಕ್ಲೀನರ್ ಎರಡೂ ನಿಷಿದ್ಧ.

ನಮ್ಮವರ ಮನೆಗಳಲ್ಲಿ ಆಯುಧಪೂಜೆ ತಪ್ಪಿಸುವಂತಿಲ್ಲ, ತಪ್ಪಿಸಲೂ ಬಾರದು. ಆದರೆ ಒದ್ದೆ ಗಂಧ, ಅರಿಸಿನ-ಕುಂಕುಮ, ಹೂವಿನ ರಸ ಮೂಲ ಬಣ್ಣದ ಮೇಲೆ ಒಂದು ರಾತ್ರಿ ಕೂತರೆ ಕಲೆ ಶಾಶ್ವತ. ಬಾಳೆಲೆಯ ಮೇಲೆ ಬಟ್ಟೆ ಹಾಸಿ ಕೋವಿ ಇಟ್ಟು, ಕುಂಕುಮವನ್ನು ಆ ಬಟ್ಟೆಗೆ ಹಚ್ಚಿ. ಆಯುಧಗಳ ಹಬ್ಬವಾದ ಕೈಲ್‌ಪೊಳ್ದ್‌ಗೆ ಕೋವಿಯ ಬಾಯಿಗೆ ತೋಕ್‌ಪೂ (ಕೋವಿ ಹೂವು) ಸಿಕ್ಕಿಸುವ ಕೊಡವ ಗೆಳೆಯರಿಗೂ ನಾನು ಹೇಳುವುದಿಷ್ಟೆ: ಹೂವಿನ ತೊಟ್ಟಿಗೆ ಒಣ ಬಟ್ಟೆ ಸುತ್ತಿ, ಸಂಜೆಯೇ ತೆಗೆದು ಒರೆಸಿ.

ಚುನಾವಣೆ ಬಂದಾಗ ಆಯುಧ ಠೇವಣಿಗೆ ನೋಟೀಸು ಬರಬಹುದು. ಮೂಲ ಮೇಲ್ಮೈಗೆ ಅತಿ ದೊಡ್ಡ ಪೆಟ್ಟು ಬೀಳುವುದು ಆ ವಾರಗಳಲ್ಲೇ. ಅವಕಾಶ ಇದ್ದರೆ ಪರವಾನಗಿ ಪಡೆದ ಡೀಲರ್ ಬಳಿ ಇಡಿ. ಮೇಣದ ಮೇಲೆ ದಪ್ಪಗೆ ಎಣ್ಣೆ, ಮೇಲೆ ತುಕ್ಕುನಿರೋಧಕ ವಿಸಿಐ ಚೀಲ, ಅದರ ಮೇಲೆ ಹತ್ತಿ ಬಟ್ಟೆ. ಚೀಟಿ ಕಟ್ಟಲು ತಂತಿಯ ಬದಲು ಹತ್ತಿ ದಾರ ನೀವೇ ಒಯ್ಯಿರಿ. ಒಪ್ಪಿಸುವ ಮುನ್ನ ಎಲ್ಲ ಬದಿಯ ಫೋಟೊ ತೆಗೆಯಿರಿ, ರಸೀದಿಯಲ್ಲಿ ಸಂಖ್ಯೆಯ ಜೊತೆ ಸ್ಥಿತಿಯನ್ನೂ ಬರೆಸಿಕೊಳ್ಳಿ.

ಎರಡರ ಮಿತಿ ಮುಗಿದ ಮೇಲೂ ಆಸೆ ಉಳಿದರೆ ಮದ್ದಿನ ಕುಪ್ಪಿ, ಕೇಪಿನ ಡಬ್ಬಿ, ಎಣ್ಣೆ ಬಾಟಲಿ, ಶುಚಿ ಮಾಡುವ ಸಲಕರಣೆ, ಖಾಲಿ ಪೆಟ್ಟಿಗೆಗಳಿವೆ. .177 ಬೋರಿನ, 20 ಜೂಲ್ ಒಳಗಿನ ಹಳೆಯ ಏರ್ ಗನ್ನಿಗೂ ಪರವಾನಗಿ ಬೇಕಿಲ್ಲ. ಮೂಲ ರಟ್ಟಿನ ಪೆಟ್ಟಿಗೆ ಸಮೇತ ಸಿಕ್ಕ ಬಿಎಸ್‌ಎ ಮೀಟಿಯರ್ ಚಂದದ ವಸ್ತು. ಪೆಲೆಟ್ ಇಲ್ಲದೆ ಅದನ್ನು ಹಾರಿಸಬೇಡಿ, ಪಿಸ್ಟನ್ ನೇರ ಗನ್ನಿನ ಒಳಗೋಡೆಗೆ ಬಡಿಯುತ್ತದೆ.

ಊರಲ್ಲಿ ತಂದೆಯವರ ಹೆಸರಿನಲ್ಲಿ ಕೋವಿ ಇದ್ದು ಮಕ್ಕಳು ಪುಣೆ-ಮುಂಬೈಯಲ್ಲಿರುವ ಮನೆಗಳಿಗೆ ಒಂದು ಮಾತು. ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಆ ಬಂದೂಕು ಅವರ ಬಳಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಮಹಾರಾಷ್ಟ್ರಕ್ಕೆ ತರುವ ಮೊದಲು ಪರವಾನಗಿಯ ವ್ಯಾಪ್ತಿ ಈ ರಾಜ್ಯಕ್ಕೂ ಇದೆಯೇ ನೋಡಿ. ತರುವಾಗ ಹಳೆಯ ಪರವಾನಗಿ ಪುಸ್ತಕ, ಅಂಗಡಿಯ ಬಿಲ್ಲು, ತುಂಡು ಕಾಗದವಾದರೂ ಸರಿ, ಒಂದನ್ನೂ ಬಿಸಾಡದೆ ಜೊತೆಗೇ ತನ್ನಿ. ಮುಖ್ಯವಾಗಿ, ತರುವ ಮುಂಚೆ ಊರಿನಲ್ಲಿ ಯಾರಿಗೂ ಪಾಲಿಶ್ ಮಾಡಿಸಲು ಕೊಡಬೇಡಿ.