ಹನ್ನೆರಡು ಕೆಜಿ ಕಮ್ಮಿ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಮೂಟೆಯನ್ನು ಎರಡು ಸಲ ತೂಗದೆ ಅಪ್ಪ ಮಂಡಿಗೆ ಕಳಿಸುವುದಿಲ್ಲ. ಅಂಥ ಮನೆಯಲ್ಲಿ ಬೆಳೆದ ನಾನು ನನ್ನ ತೂಕವನ್ನೇ ಅಂದಾಜಿನಲ್ಲಿ ಹೇಳಿಬಿಟ್ಟೆ.

ಗ್ಲೈಡರ್, ಅಂದರೆ ಎಂಜಿನ್ ಇಲ್ಲದ ವಿಮಾನ, ಹಾರಿಸುವುದನ್ನು ಕಲಿಯಲು ಪುಣೆಗೆ ಹೋಗಿದ್ದೆ. ಅವತ್ತು ಮೊದಲ ಸಲ ಒಬ್ಬಳೇ ಹಾರಬೇಕಿತ್ತು. ಕಲಿಸುವ ಸರ್ ತೂಕ ಕೇಳಿದರು. ಐವತ್ತೈದು ಅಂದೆ. ಯಾವಾಗ ತೂಗಿದ್ದು ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಪ್ಯಾರಾಚೂಟ್ ಕಟ್ಟಿಕೊಂಡೇ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. 58 ಬಂತು. ಪ್ಯಾರಾಚೂಟೇ 7 ಕೆಜಿ, ಅಂದರೆ ನಾನು ಬರೀ 51.

ಕಾಕ್‌ಪಿಟ್ ಒಳಗೆ ಒಂದು ಪಟ್ಟಿ ಅಂಟಿಸಿರುತ್ತಾರೆ. ಮುಂದಿನ ಸೀಟಿನಲ್ಲಿ ಕಡಿಮೆ ಅಂದರೆ ಎಷ್ಟು ತೂಕ ಇರಬೇಕು, ಜಾಸ್ತಿ ಅಂದರೆ ಎಷ್ಟು ಅಂತ. ನಾನು ಕೂತ ಗ್ಲೈಡರ್‌ನಲ್ಲಿ ಕಡಿಮೆ ಮಿತಿ 70 ಇತ್ತು, ಪ್ಯಾರಾಚೂಟೂ ಸೇರಿ. ಒಂದೊಂದು ಗ್ಲೈಡರ್‌ಗೆ ಒಂದೊಂದು ಲೆಕ್ಕ. ಮುಂದೆ ತೂಕ ಕಮ್ಮಿಯಾದರೆ ಬಾಲ ಭಾರವಾಗುತ್ತದೆ. ವೇಗ ಬಿದ್ದು ಗಿರಗಿರ ಸುತ್ತತೊಡಗಿದರೆ ಮತ್ತೆ ಸರಿಪಡಿಸುವುದೇ ಕಷ್ಟ.

ಕೊರತೆ ತುಂಬುವುದು ಸೀಸದ ಫಲಕದಿಂದ. 12 ಕೆಜಿ ಕಮ್ಮಿ ಅಂತ 12 ಕೆಜಿ ಸೀಸ ಹಾಕುವುದಲ್ಲ. ಫಲಕ ಕೂರುವುದು ಪೈಲಟ್‌ಗಿಂತ ಮುಂದೆ, ಮೂಗಿನ ಕಡೆ. ಹಾರೆಯ ತುದಿ ಹಿಡಿದು ಕಲ್ಲು ಎಬ್ಬಿಸಿದ ಹಾಗೆ, ಅಲ್ಲಿ ಸ್ವಲ್ಪ ಸೀಸವೇ ಜಾಸ್ತಿ ಕೆಲಸ ಮಾಡುತ್ತದೆ. ಎಷ್ಟು ಫಲಕ ಅಂತ ಗ್ಲೈಡರ್‌ನ ಕೈಪಿಡಿಯಲ್ಲೇ ಇರುತ್ತದೆ. ಅವತ್ತು ಫಲಕ ನಾನೇ ಕೂರಿಸಿದೆ. ತಣ್ಣಗೆ, ಕೈಗೆ ಕರಿ ಮೆತ್ತುವ ಸೀಸ. ಬೋಲ್ಟ್ ಬಿಗಿದು ಅಲ್ಲಾಡಿಸಿ ನೋಡಿದೆ. ಸಡಿಲವಾದ ಫಲಕ ಜಾರಿ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಮುಗಿಯಿತು.

ಆಮೇಲೆ ಬೆಲ್ಟ್, ಆಲ್ಟಿಮೀಟರ್, ಟ್ರಿಮ್, ಮುಚ್ಚಳ, ಬ್ರೇಕ್ ಎಲ್ಲ ಕೈಯಿಂದ ಮುಟ್ಟಿ ನೋಡುವುದು. ಗ್ಲೈಡರನ್ನು ಮೇಲಕ್ಕೆ ಎಳೆಯುವುದು ನೆಲದ ಮೇಲಿರುವ ವಿಂಚ್ ಯಂತ್ರದ ಕೇಬಲ್. ಕೊನೆಗೆ ಬಾಯಿಬಿಟ್ಟು ಹೇಳಬೇಕು: ವಿಂಚ್ ಕೇಬಲ್ ಕಡಿದರೆ ಮೊದಲು ಮೂಗು ಕೆಳಗೆ, ವೇಗ ಬರಲಿ, ಉಳಿದದ್ದು ಆಮೇಲೆ. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. ಕೇಬಲ್ ಕಡಿದಾಗ ಯೋಚಿಸಲು ಹೊತ್ತಿರುವುದಿಲ್ಲ.

ಮೇಲೆ ಹೋದಮೇಲಿನ ನಿಯಮಗಳು ನನಗೆ ಬೇಗ ಹತ್ತಿದವು. ಗ್ಲೈಡರನ್ನು ಮೇಲಕ್ಕೆತ್ತುವ ಬಿಸಿಗಾಳಿಯಲ್ಲಿ ಮೊದಲು ಸೇರಿದವರು ಯಾವ ಕಡೆ ಸುತ್ತುತ್ತಾರೋ ನಾವೂ ಅದೇ ಕಡೆ. ಎದುರಾಬದುರು ಬಂದರೆ ಇಬ್ಬರೂ ಬಲಕ್ಕೆ. ಎಂಜಿನ್ ಇರುವ ವಿಮಾನ ಗ್ಲೈಡರ್‌ಗೆ ದಾರಿ ಬಿಡಬೇಕು. ಅವರು ನಮ್ಮನ್ನು ನೋಡಿದ್ದಾರೆ ಅಂತ ಮಾತ್ರ ನಂಬಬಾರದು.

ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಆದಮೇಲೆ ಊರಲ್ಲಿ ಎಲ್ಲರದೂ ಒಂದೇ ಪ್ರಶ್ನೆ, ಇಲ್ಲೇ ಹಾರಿಸಬಹುದಲ್ವಾ ಅಂತ. 3,200 ಮೀಟರ್ ರನ್‌ವೇ ಇದೆ, ನಿಜ. ಆದರೆ ವಿಂಚ್‌ಗೆ ಉದ್ದಕ್ಕೂ ಕೇಬಲ್ ಹಾಸಬೇಕು. ಪ್ರಯಾಣಿಕರ ವಿಮಾನ ಇಳಿಯುವ ಕಡೆ ಅದು ಆಗದ ಮಾತು. ಅದಕ್ಕೇ ಪಕ್ಕದ ಮನೆ ಹುಡುಗನಿಗೆ ಪುಣೆಯ ಹಡಪ್ಸರ್‌ನಲ್ಲಿರುವ ಗ್ಲೈಡಿಂಗ್ ಕೇಂದ್ರದ ಬಗ್ಗೆ ಹೇಳಿದೆ.

ಹೋದ ವಾರ ಅವನು ಅಡಿಕೆ ತೂಗುವ ಯಂತ್ರದ ಮೇಲೆ ಹತ್ತಿ ನಿಂತು, “ಅಕ್ಕಾ, 46” ಅಂದ. ಲೈಸೆನ್ಸ್‌ಗೆ 16 ವರ್ಷ ತುಂಬಬೇಕು, ಅವನಿಗಿನ್ನೂ ಏಳು ತಿಂಗಳಿದೆ. ಅಷ್ಟರಲ್ಲಿ ಕಣ್ಣು ತೋರಿಸಿಕೊಂಡು ಬಾ, ಮೆಡಿಕಲ್‌ನಲ್ಲಿ ಅದನ್ನೂ ನೋಡುತ್ತಾರೆ ಅಂದಿದ್ದೇನೆ.