ಬಸ್ ಸ್ಟಾಪಿಗೆ ನಡೆದದ್ದನ್ನು ವ್ಯಾಯಾಮ ಅಂತ ಬರೆಯಬಹುದಾ? ಕ್ಯಾಲೊರಿ ಲೆಕ್ಕ ಇಡುವವರಿಗೆ

ಕ್ಯಾಲೊರಿ ಲೆಕ್ಕ ಇಡಲು ಶುರು ಮಾಡಿದವರಿಗೆಲ್ಲ ಒಂದೆರಡು ವಾರದಲ್ಲಿ ಈ ಡೌಟು ಬಂದೇ ಬರುತ್ತದೆ. ಬೆಳಿಗ್ಗೆ ಬಸ್ ಸ್ಟಾಪಿಗೆ ನಡೆದದ್ದು, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಆಫೀಸಿನವರೆಗೆ ನಡೆದದ್ದು, ಮಧ್ಯಾಹ್ನ ಊಟಕ್ಕೆ ಹೋಟೆಲಿಗೆ ಹೋಗಿ ಬಂದದ್ದು, ಸಂಜೆ ಮೀನು ತರಕಾರಿ ಅಂತ ಮಾರ್ಕೆಟ್ ಸುತ್ತಿದ್ದು, ಇದನ್ನೆಲ್ಲ ಆ್ಯಪಿನಲ್ಲಿ ವ್ಯಾಯಾಮ ಅಂತ ಬರೆಯಬಹುದಾ? ಬರೆದರೆ ಅಷ್ಟು ಜಾಸ್ತಿ ತಿನ್ನಬಹುದಾ?

ನಡೆದದ್ದು ಲೆಕ್ಕಕ್ಕೆ ಉಂಟು ಮಾರಾಯ್ರೆ. ಆದರೆ ಒಂದು ಸಲ ಮಾತ್ರ. ಹೆಚ್ಚಿನವರು ಅದೇ ನಡಿಗೆಯನ್ನು ಗೊತ್ತಿಲ್ಲದೆ ಎರಡು ಕಡೆ ಹಾಕಿರುತ್ತಾರೆ, ಒಂದೇ ಸಂಬಳವನ್ನು ಎರಡು ಸಲ ಖರ್ಚು ಮಾಡಿದ ಹಾಗೆ. ಆಮೇಲೆ "ಇಷ್ಟು ನಡೆದರೂ ತೂಕ ಇಳಿಯುವುದಿಲ್ಲ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ಎರಡು ಸಲ ಹೇಗೆ ಆಗುತ್ತದೆ ನೋಡಿ. ಆ್ಯಪ್ ಹಾಕಿಕೊಂಡ ದಿನವೇ ಅದು ನಿಮ್ಮ ತೂಕ, ಎತ್ತರ, ವಯಸ್ಸು ಕೇಳುತ್ತದೆ. ಅದರ ಜೊತೆಗೆ ನೀವು ದಿನವಿಡೀ ಎಷ್ಟು ಓಡಾಡುತ್ತೀರಿ ಅಂತಲೂ ಕೇಳುತ್ತದೆ: ಕೂತು ಕೆಲಸ, ಸ್ವಲ್ಪ ಓಡಾಟ, ಸಾಧಾರಣ ಓಡಾಟ, ಜಾಸ್ತಿ ಓಡಾಟ. ನಾವು "ನಾನೇನು ಸುಮ್ನೆ ಕೂತಿರುವವನಲ್ಲ" ಅಂದುಕೊಂಡು ಎರಡನೆಯದನ್ನು ಒತ್ತಿ ಮುಂದೆ ಹೋಗುತ್ತೇವೆ. ಆ ಒಂದು ಒತ್ತುವಿಕೆಯಲ್ಲೇ ನಿಮ್ಮ ಬಸ್ ಸ್ಟಾಪಿನ ನಡಿಗೆ, ಮಾರ್ಕೆಟ್ ಸುತ್ತಾಟ, ಮನೆಯ ಮೆಟ್ಟಿಲು ಎಲ್ಲ ಲೆಕ್ಕಕ್ಕೆ ಬಂದಾಯಿತು.

ಒಂದು ಉದಾಹರಣೆ ಹಾಕಿ ನೋಡೋಣ. 38 ವರ್ಷದ ಹೆಂಗಸು, 60 ಕೆಜಿ, 158 ಸೆಂಟಿಮೀಟರ್ ಎತ್ತರ. 1990ರಲ್ಲಿ ಬಂದ ಮಿಫ್ಲಿನ್-ಸೇಂಟ್ ಜಿಯೊರ್ ಸೂತ್ರ ಅಂತ ಒಂದುಂಟು, ಬಹಳಷ್ಟು ಕ್ಯಾಲ್ಕುಲೇಟರ್‌ಗಳು ಅದನ್ನೇ ಬಳಸುತ್ತವೆ. ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ 5 ಪಟ್ಟನ್ನು ಕಳೆದು, ಹೆಂಗಸರಾದರೆ ಇನ್ನೊಂದು 161 ಕಳೆಯಬೇಕು. ಗಂಡಸರಾದರೆ 161 ಕಳೆಯುವ ಬದಲು 5 ಕೂಡಿಸಬೇಕು. ಇವರಿಗೆ ಸುಮಾರು 1237 ಕ್ಯಾಲೊರಿ ಬರುತ್ತದೆ. ಹಾಸಿಗೆಯಲ್ಲಿ ಮಲಗಿಕೊಂಡೇ ಇದ್ದರೂ ದಿನಕ್ಕೆ ದೇಹಕ್ಕೆ ಬೇಕಾಗುವಷ್ಟು ಅದು. "ಕೂತು ಕೆಲಸ" ಅಂತ ಒತ್ತಿದರೆ ಅದನ್ನು 1.2ರಿಂದ ಗುಣಿಸುತ್ತಾರೆ, 1484 ಆಯಿತು. "ಸ್ವಲ್ಪ ಓಡಾಟ" ಅಂದರೆ 1.375, ಆಗ 1700. ನಡುವಿನ ವ್ಯತ್ಯಾಸ 216.

ಈ 216 ಅಂದರೆ ಎಷ್ಟು ನಡಿಗೆ? ಸಮತಟ್ಟಾದ ರಸ್ತೆಯಲ್ಲಿ ಸಾಧಾರಣ ವೇಗದಲ್ಲಿ ನಡೆದರೆ, ಒಂದು ಕಿಲೋಮೀಟರಿಗೆ ಪ್ರತಿ ಕೆಜಿ ತೂಕಕ್ಕೆ ಅರ್ಧ ಕ್ಯಾಲೊರಿಯಷ್ಟು ಹೆಚ್ಚುವರಿ ಖರ್ಚಾಗುತ್ತದೆ. 60 ಕೆಜಿಯವರಿಗೆ ಕಿಲೋಮೀಟರಿಗೆ 30. ಅಂದರೆ 216ಕ್ಕೆ 7 ಕಿಲೋಮೀಟರ್, ಉಡುಪಿ ಪೇಟೆಯಿಂದ ಮಲ್ಪೆ ಬೀಚಿಗೆ ನಡೆದುಕೊಂಡು ಹೋಗಿ ಇನ್ನೂ ಸ್ವಲ್ಪ ಮುಂದೆ ಹೋದಷ್ಟು. ಇಷ್ಟನ್ನು ಆ್ಯಪ್ ದಿನಾ ಬೆಳಿಗ್ಗೆ ನಿಮ್ಮ ಖಾತೆಗೆ ಹಾಕಿಯೇ ಶುರು ಮಾಡುತ್ತದೆ. ಅದರ ಮೇಲೆ ನೀವು "ನಡಿಗೆ, 20 ನಿಮಿಷ" ಅಂತ ಬಸ್ ಸ್ಟಾಪಿನದ್ದನ್ನು ಮತ್ತೆ ಬರೆದರೆ ಹೇಗೆ ಸರಿಹೋಗುತ್ತದೆ ಹೇಳಿ.

ಹಾಗಾಗಿ ಮೊದಲು ಮಾಡಬೇಕಾದ್ದು ಇಷ್ಟು: ಒಂದು ವಾರ ಏನನ್ನೂ ಬದಲಿಸದೆ, ಫೋನು ಕಿಸೆಯಲ್ಲೇ ಇಟ್ಟುಕೊಂಡು ಸ್ಟೆಪ್ ಎಣಿಸಿ. ಭಾನುವಾರವೂ ಸೇರಲಿ, ಭಾನುವಾರ ನಮ್ಮ ನಿಜ ಬಣ್ಣ ಗೊತ್ತಾಗುತ್ತದೆ. ಏಳು ದಿನದ ಸರಾಸರಿ 5000ಕ್ಕಿಂತ ಕಡಿಮೆ ಬಂದರೆ, ಮನಸ್ಸಿಗೆ ಎಷ್ಟೇ ಬೇಸರವಾದರೂ "ಕೂತು ಕೆಲಸ"ವನ್ನೇ ಆರಿಸಿ. 7000, 8000ದ ಆಚೆ ಈಚೆ ಬಂದರೆ "ಸ್ವಲ್ಪ ಓಡಾಟ" ಸರಿ. ನಡುವೆ ಬಂದರೆ ನಾನಾದರೆ ಕೆಳಗಿನದ್ದನ್ನೇ ಆರಿಸುತ್ತೇನೆ. ಆಫೀಸಿಗೆ ಸ್ಕೂಟರಿನಲ್ಲಿ ಹೋಗಿ, ಲಿಫ್ಟಿನಲ್ಲಿ ಮೇಲೆ ಹತ್ತಿ, ಸಂಜೆ ಅದೇ ಸ್ಕೂಟರಿನಲ್ಲಿ ಮನೆಗೆ ಬರುವವರಿಗೆ 5000 ಅಷ್ಟು ಸುಲಭಕ್ಕೆ ಆಗುವುದಿಲ್ಲ. ಅಂದಹಾಗೆ ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಕುಲುಕಿದ್ದನ್ನೂ ಕೆಲವು ಫೋನುಗಳು ಸ್ಟೆಪ್ ಅಂತ ಎಣಿಸಿಬಿಡುತ್ತವೆ. ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ.

ಸ್ಟೆಪ್ ಎಣಿಕೆ ಎಲ್ಲರಿಗೂ ಸರಿಯಾಗಿ ಕೂರುವುದಿಲ್ಲ, ಅದನ್ನೂ ಹೇಳಬೇಕು. ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯನ್ನು ನೋಡಿ. ಸ್ಟೂಲು ಹತ್ತಿ ಮೇಲಿನ ರ‍್ಯಾಕಿನಿಂದ ಸೀರೆ ಇಳಿಸುತ್ತಾಳೆ, ಬಿಡಿಸಿ ತೋರಿಸುತ್ತಾಳೆ, ಗಿರಾಕಿ "ಬೇರೆ ಕಲರ್ ಉಂಟಾ" ಅಂದ ಮೇಲೆ ಎಲ್ಲವನ್ನೂ ಮಡಚಿ ಮತ್ತೆ ಮೇಲಿಡುತ್ತಾಳೆ. ದಿನವಿಡೀ ಕೂರುವುದಕ್ಕೇ ಇಲ್ಲ. ಅವಳ ಫೋನು ಕೌಂಟರಿನ ಡ್ರಾಯರಿನಲ್ಲಿ ಇರುತ್ತದೆ, ಸ್ಟೆಪ್ 2000 ತೋರಿಸುತ್ತದೆ. ಮನೆಯಲ್ಲಿ ಅಡುಗೆ, ಬಟ್ಟೆ, ಅಂಗಳ, ಬಾವಿ ಅಂತ ಓಡಾಡುವ ಅಮ್ಮಂದಿರದ್ದೂ ಇದೇ ಕಥೆ, ಫೋನು ಫ್ರಿಜ್ಜಿನ ಮೇಲೆ. ಇಂಥ ಸಣ್ಣ ಸಣ್ಣ ಓಡಾಟದ ಖರ್ಚು ಕಡಿಮೆಯೇನಲ್ಲ. ಅವರು ಸ್ಟೆಪ್ ನೋಡದೆ "ಸ್ವಲ್ಪ ಓಡಾಟ" ಅಥವಾ ಅದರ ಮೇಲಿನದ್ದನ್ನು ಧೈರ್ಯವಾಗಿ ಆರಿಸಬಹುದು.

ಹಂತ ಆರಿಸಿದ ಮೇಲೆ ದಿನನಿತ್ಯದ ನಡಿಗೆಯನ್ನು ಮತ್ತೆ ಬರೆಯಬೇಡಿ. ಅದರ ಹೊರಗೆ ಬೇಕಂತಲೇ ಹೋದ ವಾಕಿಂಗ್ ಮಾತ್ರ ಬರೆಯಿರಿ. ಶೂ ಹಾಕಿಕೊಂಡು ಕದ್ರಿ ಪಾರ್ಕಿಗೋ ಅಜ್ಜರಕಾಡಿಗೋ ಹೋಗಿ ಸುತ್ತು ಹಾಕಿದರೆ ಅದು ವ್ಯಾಯಾಮ. ಆ ಪಾರ್ಕಿನ ಸುತ್ತುಗಳೂ ಮೊದಲ ವಾರದ ಸರಾಸರಿಯಲ್ಲಿ ಸೇರಿದ್ದರೆ ಅದನ್ನೂ ಬರೆಯುವ ಹಾಗಿಲ್ಲ, ಗಮನ ಇರಲಿ.

ಇನ್ನೊಂದು ದಾರಿಯೂ ಉಂಟು. ತೀರಾ ಕೆಳಗಿನ ಹಂತ ಇಟ್ಟು, ವಾಚೋ ಫೋನೋ ತಾನೇ ಸ್ಟೆಪ್ ಕಳಿಸಿ ಕ್ಯಾಲೊರಿ ಸೇರಿಸಲಿ ಅಂತ ಬಿಡುವುದು. ಇದೂ ತಪ್ಪಲ್ಲ. ಆದರೆ ಆಗ ಕೈಯಿಂದ ಒಂದು ವಾಕಿಂಗನ್ನೂ ಬರೆಯಬಾರದು, ಮತ್ತು ವಾಚು, ಫೋನು ಎರಡನ್ನೂ ಒಂದೇ ಆ್ಯಪಿಗೆ ಜೋಡಿಸಿದ್ದರೆ ಒಂದನ್ನು ಬಿಡಿಸಿ. ನನಗೆ ಮೊದಲನೇ ದಾರಿಯೇ ಇಷ್ಟ. ವಾಚು ಸಂಜೆ ಆರು ಗಂಟೆಗೆ "ನಿಮಗೆ ಇನ್ನೂ 180 ಉಳಿದಿದೆ" ಅಂತ ತೋರಿಸಿದ ಕೂಡಲೇ ಎದುರಿನ ಹೋಟೆಲಿನ ಬನ್ಸ್ ಕಣ್ಣಿಗೆ ಬೀಳುತ್ತದೆ, ಅಲ್ವಾ?

ಆ ವಾಚಿನ ನಂಬರನ್ನು ಪೂರ್ತಿ ನಂಬಲೂಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದ್ದರು. ಹೃದಯ ಬಡಿತವನ್ನು ಅವು ಹೆಚ್ಚುಕಡಿಮೆ ಸರಿಯಾಗಿಯೇ ಅಳೆದವು. ಕ್ಯಾಲೊರಿಯಲ್ಲಿ ಮಾತ್ರ ಅತ್ಯಂತ ಒಳ್ಳೆಯದ್ದೂ ಸರಾಸರಿ 27 ಶೇಕಡಾ ತಪ್ಪು ತೋರಿಸಿತು. ಇದಲ್ಲದೆ ಇನ್ನೊಂದು ಸೂಕ್ಷ್ಮ ಉಂಟು. ಗಂಟೆಗೆ 4.8 ಕಿಲೋಮೀಟರ್ ವೇಗದಲ್ಲಿ 45 ನಿಮಿಷ ನಡೆದರೆ 60 ಕೆಜಿಯವರಿಗೆ ಒಟ್ಟು 150ರ ಹತ್ತಿರ ಖರ್ಚು. ಅದರಲ್ಲಿ 45ರಷ್ಟು ನೀವು ಕುರ್ಚಿಯಲ್ಲಿ ಕೂತು ಟಿವಿ ನೋಡಿದ್ದರೂ ಖರ್ಚಾಗುತ್ತಿತ್ತು, ಅದು ಆಗಲೇ ದಿನದ ಲೆಕ್ಕದೊಳಗೆ ಉಂಟು. ಹೆಚ್ಚುವರಿ ಅಂದರೆ 105 ಮಾತ್ರ. ಅದಕ್ಕೇ ಬರೆಯುವಾಗ ತೂಕದ ಅರ್ಧವನ್ನು ಕಿಲೋಮೀಟರಿನಿಂದ ಗುಣಿಸಿ ಬರೆಯಿರಿ, ಸಾಕು. ಅಥವಾ ವಾಚು ತೋರಿಸಿದ್ದರ ಮೂರರಲ್ಲಿ ಎರಡು ಪಾಲು.

ಹಾಗಾದರೆ ನಮ್ಮ ಚಡಾವುಗಳು? ಮಂಗಳೂರಿನಲ್ಲಿ ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಹತ್ತಿದವರಿಗೆ ಇದು ನ್ಯಾಯವಾದ ಪ್ರಶ್ನೆ. ಹತ್ತುವುದಕ್ಕೆ ಖರ್ಚು ನಿಜವಾಗಿಯೂ ಜಾಸ್ತಿ. ನೂರು ಮೀಟರ್ ನಡೆಯುವಾಗ ಐದು ಮೀಟರ್ ಮೇಲೆ ಹೋಗುವಷ್ಟು ಏರು ಇದ್ದರೂ, ಅದೇ ವೇಗದಲ್ಲಿ ನಡೆದರೆ ಹೆಚ್ಚುವರಿ ಖರ್ಚು ಸಮತಟ್ಟಿನ ಎರಡು ಪಟ್ಟಿನ ಹತ್ತಿರ ಬರುತ್ತದೆ. ಸ್ಟೆಪ್ ಎಣಿಸುವ ಆ್ಯಪಿಗೆ ಅದು ಗೊತ್ತಾಗುವುದಿಲ್ಲ. ಆದರೆ ಹತ್ತು ನಿಮಿಷ ಹಾಗೆ ಹತ್ತಿದರೆ 60 ಕೆಜಿಯವರಿಗೆ ಜಾಸ್ತಿ ಸಿಗುವುದು 20 ಚಿಲ್ಲರೆ ಕ್ಯಾಲೊರಿ. ಎದೆಗೆ, ಕಾಲಿಗೆ ಒಳ್ಳೆಯದು, ಖಂಡಿತ ಹತ್ತಿ. ಬರೆಯುವ ತಲೆಬಿಸಿ ಬೇಡ.

ಬೆವರಿನ ಲೆಕ್ಕ ಅಂತೂ ಬೇಡವೇ ಬೇಡ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ ನಿಂತಲ್ಲೇ ಅಂಗಿ ಒದ್ದೆಯಾಗುತ್ತದೆ. ವಾಕಿಂಗ್ ಮುಗಿಸಿ ತೂಕ ನೋಡಿದಾಗ ಅರ್ಧ ಕೆಜಿ ಇಳಿದಿದ್ದರೆ ಅದು ನೀರು, ಎರಡು ಚೊಂಬು ಕುಡಿದರೆ ವಾಪಸ್ ಬರುತ್ತದೆ.

ನಿಜ ಹೇಳಬೇಕೆಂದರೆ, ಬಸ್ ಸ್ಟಾಪಿನ ನಡಿಗೆಗಿಂತ ದೊಡ್ಡ ತಪ್ಪು ಅಡುಗೆಮನೆಯಲ್ಲಿ ಆಗುತ್ತದೆ. ಅಳತೆಯ ಒಂದು ಟೇಬಲ್ ಸ್ಪೂನ್ ತೆಂಗಿನೆಣ್ಣೆ ಅಂದರೆ ಸುಮಾರು 120 ಕ್ಯಾಲೊರಿ, 60 ಕೆಜಿಯವರಿಗೆ 4 ಕಿಲೋಮೀಟರ್ ನಡಿಗೆ. ಪಲ್ಯಕ್ಕೆ ಒಗ್ಗರಣೆ, ಮೀನು ಫ್ರೈಗೆ ಕಾವಲಿಯ ಮೇಲೆ ಇನ್ನೊಂದು ಸುತ್ತು, ಸಾಂಬಾರಿಗೆ ಅರೆದ ತೆಂಗಿನಕಾಯಿ, ಇದ್ಯಾವುದನ್ನೂ ಬರೆಯದೆ 15 ನಿಮಿಷದ ನಡಿಗೆಯನ್ನು ಮಾತ್ರ ಶ್ರದ್ಧೆಯಿಂದ ಬರೆದರೆ ಎಂತ ಪ್ರಯೋಜನ?

ಇನ್ನು ಆರೋಗ್ಯದ ದೃಷ್ಟಿಯಿಂದ ಇದು ವ್ಯಾಯಾಮವಾ ಅಂತ ಕೇಳಿದರೆ ಉತ್ತರ ಬೇರೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮೊದಲೆಲ್ಲ ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕ ಅನ್ನುತ್ತಿದ್ದರು, ಆ ಷರತ್ತು ಈಗ ಇಲ್ಲ. ಬಸ್ ತಪ್ಪುತ್ತದೆ ಅಂತ ಆರು ನಿಮಿಷ ಬಿರುಸಾಗಿ ನಡೆದದ್ದೂ ಈ 150ರಲ್ಲಿ ಸೇರುತ್ತದೆ. ಬಿರುಸು ಅಂದರೆ ನಿಮಿಷಕ್ಕೆ ಸುಮಾರು 100 ಸ್ಟೆಪ್, ಮಾತಾಡಲು ಆಗಬೇಕು, ಹಾಡಲು ಆಗಬಾರದು. ರಥಬೀದಿಯಲ್ಲಿ ಪರಿಚಯದವರು ಸಿಕ್ಕಿದಲ್ಲೆಲ್ಲ ನಿಂತು ಮಾತಾಡುತ್ತ ಹೋದದ್ದು ಕ್ಯಾಲೊರಿಗೆ ಉಂಟು, ಈ 150ಕ್ಕೆ ಇಲ್ಲ. ವಾರಕ್ಕೆ ಎರಡು ದಿನ ಕೈ, ಬೆನ್ನಿಗೂ ಕೆಲಸ ಕೊಡುವ ವ್ಯಾಯಾಮ ಬೇಕು, ಅದನ್ನು ನಡಿಗೆ ಕೊಡುವುದಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ಡಾಕ್ಟರನ್ನು ಕೇಳಿ.

ಇಷ್ಟೆಲ್ಲ ಮಾಡಿದ ಮೇಲೂ ಆರಿಸಿದ ಹಂತ ಒಂದು ಅಂದಾಜೇ. ಅದು ಸರಿ ಉಂಟಾ ಅಂತ ಹೇಳುವುದು ತೂಕದ ಯಂತ್ರ. ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ, ವಾರದ ಸರಾಸರಿ ಬರೆದಿಡಿ. ಮೂರು ನಾಲ್ಕು ವಾರ ಆದರೂ ಲೆಕ್ಕದ ಪ್ರಕಾರ ಇಳಿಯಬೇಕಾದ್ದು ಇಳಿಯದಿದ್ದರೆ, ಎಣ್ಣೆ ಕಾಯಿ ಎಲ್ಲ ಬರೆದದ್ದು ನಿಜವಾದರೆ, ಹಂತ ಒಂದು ಕೆಳಗಿಳಿಸಿ ಅಥವಾ ವಾಕಿಂಗ್ ಬರೆಯುವುದನ್ನೇ ನಿಲ್ಲಿಸಿ ನೋಡಿ. ಹೇಳಿದ್ದಕ್ಕಿಂತ ಬೇಗ ಇಳಿದು ಸುಸ್ತಾಗುತ್ತಿದ್ದರೆ ಒಂದು ಹಂತ ಮೇಲೆ.

ಮಳೆಗಾಲಕ್ಕೆ ಇದನ್ನು ಬೇರೆಯೇ ನೋಡಬೇಕು. ಜೂನ್ ಶುರುವಾದ ಮೇಲೆ ಪಾರ್ಕ್ ಬಂದ್, ಬಸ್ ಸ್ಟಾಪಿಗೂ ರಿಕ್ಷಾ, ಜುಲೈ ಆಗಸ್ಟಿನ ಆಟಿ ತಿಂಗಳಲ್ಲಂತೂ ಮನೆಯಿಂದ ಹೊರಗೆ ಕಾಲಿಡಲು ಮನಸ್ಸಾಗುವುದಿಲ್ಲ. ಮೇಲಿಂದ ಬಿಸಿಬಿಸಿ ಗೋಳಿಬಜೆ, ಪತ್ರೊಡೆ. ಫೆಬ್ರವರಿಯಲ್ಲಿ ಹಾಕಿದ ಹಂತ ಜುಲೈಗೆ ಸಲ್ಲುವುದಿಲ್ಲ. ಜೂನ್ ಎರಡನೇ ವಾರದಲ್ಲಿ ಮತ್ತೆ ಏಳು ದಿನ ಸ್ಟೆಪ್ ಎಣಿಸಿ ಹಂತ ಬದಲಿಸಿ, ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಇನ್ನೊಮ್ಮೆ.